ಪೆಡಲ್ ತಳ ಮುಟ್ಟಿದ ಭಾನುವಾರ

ಪಂಚಮಿಗೆ ಊರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅವ್ವ ಫೋನಿನಲ್ಲಿ ಯಾವ ಯಾವ ಉಂಡಿ ಕಟ್ಟಿದ್ದಾಳೆಂದು ಒಂದೊಂದೇ ಎಣಿಸಿ ಹೇಳಿದ್ದಳು. ಮಗಳು ಜೋಕಾಲಿ ಯಾವ ಗಿಡಕ್ಕೆ ಕಟ್ಟುತ್ತಾರೆಂದು ದಿನಕ್ಕೆರಡು ಸಲ ಕೇಳುತ್ತಿದ್ದಳು. ದೇಹೂ ರೋಡಿನಿಂದ ಧಾರವಾಡಕ್ಕೆ 400 ಕಿಲೋಮೀಟರಿಗೂ ಹೆಚ್ಚಿನ ದಾರಿ. ಬೈಪಾಸ್ ಹಿಡಿದರೆ ಕಾತ್ರಜ್, ಆಮೇಲೆ ಖಂಬಾಟಕಿ ಘಾಟು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ. ಅದರ ಮೇಲೆ ಆಷಾಢ ಮುಗಿಯುವ ಹೊತ್ತಿನ ಮಳೆ.

ಹೊರಡಲು ಇನ್ನೂ ಹತ್ತು ದಿನ ಇರುವಾಗ ಕಾರಿನ ಮುಂದಿನ ಗಾಲಿಗಳ ಕಡೆಯಿಂದ ‘ಕೀಂ’ ಎಂಬ ಸದ್ದು ಶುರುವಾಯಿತು. ಬ್ರೇಕ್ ಒತ್ತಿದಾಗ ಹೆಚ್ಚು, ಬಿಟ್ಟಾಗ ಕಡಿಮೆ. ಒಂದು ಗ್ಯಾರೇಜಿಗೆ ಒಯ್ದು ತೋರಿಸಿದೆ. ಅವರು ಚೀಟಿಯಲ್ಲಿ ಬರೆದುಕೊಟ್ಟರು: ಮುಂದಿನ ಎರಡೂ ಗಾಲಿಯ ಬ್ರೇಕ್ ಪ್ಯಾಡ್, ಬಲಗಡೆ ಕ್ಯಾಲಿಪರ್ ಕೆಲಸ, ಬ್ರೇಕ್ ಆಯಿಲ್, ಕೂಲಿ. ಪ್ಯಾಡ್ ಸವೆದದ್ದು ನನಗೂ ಗೊತ್ತಿತ್ತು. ಆದರೆ ‘ಕ್ಯಾಲಿಪರ್ ಕೆಲಸ’ ಎಂದರೇನು? ಬಿಲ್ ಏರಿಸುವ ಉಪಾಯ ಇರಬೇಕು ಎಂದುಕೊಂಡೆ. ಏನು ಕೆಲಸ, ಯಾಕೆ ಎಂದು ಕೇಳಲಿಲ್ಲ. ಹಾಗೆ ಕೇಳದೆ ಬಂದದ್ದೇ ನನ್ನ ಮೊದಲ ತಪ್ಪು.

ನಾವಿರುವ ಕಡೆ ಸುತ್ತಮುತ್ತ ವಾಹನದ್ದೇ ಲೋಕ. ಪಿಂಪರಿಯಲ್ಲಿ, ಆಕುರ್ಡಿಯಲ್ಲಿ, ಚಾಕಣದಲ್ಲಿ ಕಾರು, ಲಾರಿ, ಬೈಕಿನ ಕಾರ್ಖಾನೆಗಳು. ನಮ್ಮ ಬಿಲ್ಡಿಂಗಿನಲ್ಲಿ ಅರ್ಧದಷ್ಟು ಜನ ಯಾವುದಾದರೊಂದು ಬಿಡಿಭಾಗದ ಕಂಪನಿಗೆ ಸೇರಿದವರು. ಹೀಗಿದ್ದೂ ನಮ್ಮಂತಹ ಕಂಪ್ಯೂಟರ್ ಮುಂದೆ ಕೂರುವವರಿಗೆ ಒಂದು ಗಾಲಿ ಬಿಚ್ಚಿ ಹಾಕಲು ಬರುವುದಿಲ್ಲ. ಆ ನಾಚಿಕೆಯೂ ಸ್ವಲ್ಪ ಸೇರಿ, ಪ್ಯಾಡ್ ನಾನೇ ಬದಲಿಸುತ್ತೇನೆ ಎಂದು ಹೊರಟೆ. ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಕಾರಿನ ಮಾಡೆಲ್, ವರ್ಷ ಹೇಳಿ ಒಂದು ಸೆಟ್ ತಂದೆ. ಒಂದು ಸೆಟ್ ಎಂದರೆ ನಾಲ್ಕು ಪ್ಯಾಡ್, ಗಾಲಿಗೆ ಎರಡರಂತೆ. ಒಂದೇ ಗಾಲಿಗೆ ಹೊಸದು ಹಾಕಿ ಇನ್ನೊಂದನ್ನು ಹಳೆಯದರಲ್ಲೇ ಬಿಡುವಂತಿಲ್ಲ. ಹಾಗೆ ಮಾಡಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಒಳಗೆ ನಡೆಯುವುದೇನು

ಕೆಲಸಕ್ಕೆ ಇಳಿಯುವ ಮೊದಲು ಬ್ರೇಕ್ ಕೆಲಸ ಮಾಡುವ ಬಗೆ ತಿಳಿದಿರಬೇಕು. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿನೊಳಗೆ ದೂಡುತ್ತದೆ. ದ್ರವವನ್ನು ಹಿಸುಕಿ ಕುಗ್ಗಿಸಲು ಆಗುವುದಿಲ್ಲ. ಆದ್ದರಿಂದ ಆ ಒತ್ತಡ ನೇರವಾಗಿ ಗಾಲಿಯ ಹತ್ತಿರದ ಕ್ಯಾಲಿಪರ್‌ಗೆ ಮುಟ್ಟಿ, ಅದರೊಳಗಿನ ಪಿಸ್ಟನ್ ಮುಂದೆ ಬರುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ.

ಹಾಗಾದರೆ ಹೊರಗಿನ ಪ್ಯಾಡನ್ನು ಒತ್ತುವವರು ಯಾರು? ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ಒಂದೇ ಇರುತ್ತದೆ, ಅದೂ ಒಳಗಡೆ ಮಾತ್ರ. ಇಡೀ ಕ್ಯಾಲಿಪರ್ ಎರಡು ನುಣುಪಾದ ಪಿನ್‌ಗಳ ಮೇಲೆ ಹಿಂದೆ ಮುಂದೆ ಜಾರುವಂತೆ ಕೂತಿರುತ್ತದೆ. ಒಳಪ್ಯಾಡ್ ಡಿಸ್ಕಿಗೆ ಒತ್ತಿಕೊಂಡ ಕೂಡಲೇ ಕ್ಯಾಲಿಪರ್ ಹಿಂದೆ ಸರಿದು ಹೊರಪ್ಯಾಡನ್ನೂ ಎಳೆದು ಒತ್ತುತ್ತದೆ. ಇಕ್ಕಳದ ಎರಡು ದವಡೆ ಇದ್ದಂತೆ. ಈ ಎರಡು ಪಿನ್‌ಗಳನ್ನು ನೆನಪಿಟ್ಟುಕೊಳ್ಳಿ. ನನ್ನ ಇಡೀ ಪಜೀತಿಗೆ ಅವುಗಳಲ್ಲಿ ಒಂದು ಕಾರಣ.

ಇನ್ನು ಆ ‘ಕೀಂ’ ಸದ್ದು. ಹಲವು ಪ್ಯಾಡುಗಳಿಗೆ ಒಂದು ಸಣ್ಣ ಲೋಹದ ನಾಲಗೆ ಕಟ್ಟಿರುತ್ತಾರೆ. ಪ್ಯಾಡ್ ಸವೆದು ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ‘ಬದಲಿಸುವ ಹೊತ್ತು ಬಂತು’ ಎಂಬ ಎಚ್ಚರಿಕೆ ಅದು. ಅದನ್ನೂ ಕೇಳಿಸಿಕೊಳ್ಳದೆ ಓಡಿಸಿದರೆ ಕೊನೆಗೆ ಪ್ಯಾಡಿನ ಹಿಂಬದಿಯ ಉಕ್ಕಿನ ತಗಡೇ ಡಿಸ್ಕಿಗೆ ಉಜ್ಜುತ್ತದೆ. ಆಗ ‘ಗರ್‌’ ಎಂಬ ಸದ್ದು ಬರುತ್ತದೆ, ಡಿಸ್ಕೂ ಹೋಗುತ್ತದೆ.

ಎಡಗಡೆ ಸಲೀಸು, ಬಲಗಡೆ ಹಟ

ಭಾನುವಾರ ಬೆಳಗ್ಗೆ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿನಲ್ಲಿ ಹಳೆಯ ಪೇಪರ್ ಹಾಸಿ ಕೂತೆ. ನೆಲ ಸಮತಟ್ಟಾಗಿತ್ತು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆ. ಗಾಲಿ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿದೆ. ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಹಾಕಬಾರದು. ಅದಕ್ಕೆಂದು ಸಿಗುವ ಉಕ್ಕಿನ ಸ್ಟ್ಯಾಂಡನ್ನು ಪರಿಚಯದವರಿಂದ ತಂದು ಕೊಟ್ಟಿದ್ದೆ. ಇಟ್ಟಿಗೆ ಕೊಡುವ ಯೋಚನೆ ಬೇಡ, ಅದು ಒಮ್ಮೆಲೇ ಪುಡಿಯಾಗುತ್ತದೆ.

ಮೊದಲು ಎಡಗಡೆ. ಕ್ಯಾಲಿಪರಿನ ಕೆಳಗಿನ ಬೋಲ್ಟ್ ಬಿಚ್ಚಿ ಮೇಲಕ್ಕೆತ್ತಿದೆ. ಅದನ್ನು ರಬ್ಬರ್ ಪೈಪಿನ ಮೇಲೆ ಜೋತು ಬೀಳಲು ಬಿಡದೆ ತಂತಿಯಿಂದ ಕಟ್ಟಿದೆ. ಹಳೆಯ ಪ್ಯಾಡ್ ಹೊರಬಂತು. ಪಿಸ್ಟನ್ನನ್ನು ಹಿಂದಕ್ಕೆ ದೂಡಲು ಅದರ ಮುಂದೆ ಹಳೆಯ ಪ್ಯಾಡನ್ನೇ ಅಡ್ಡ ಇಟ್ಟು ಸಿ-ಕ್ಲ್ಯಾಂಪ್ ತಿರುಗಿಸಿದೆ. ಮೆಲ್ಲಗೆ ಒಳಗೆ ಹೋಯಿತು.

ಅಷ್ಟರಲ್ಲಿ ಬಾನೆಟ್ ಒಳಗಿನಿಂದ ಏನೋ ತೊಟ್ಟಿಕ್ಕುವ ಸದ್ದು. ಬ್ರೇಕ್ ಆಯಿಲ್ ಡಬ್ಬಿ ತುಂಬಿ ಹೊರಗೆ ಹರಿಯುತ್ತಿತ್ತು! ಕಾರಣ ಸರಳ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಇಳಿಯುತ್ತದೆ, ಡಬ್ಬಿಯಲ್ಲಿ ಮಟ್ಟ ತಗ್ಗುತ್ತದೆ. ಹಿಂದೆ ಯಾವಾಗಲೋ ನಾನೇ ‘ಕಡಿಮೆಯಾಗಿದೆ’ ಎಂದು ಮೇಲಿನ ಗೆರೆಯವರೆಗೆ ತುಂಬಿಸಿದ್ದೆ. ಈಗ ಪಿಸ್ಟನ್ ಹಿಂದೆ ಹೋದಾಗ ಆ ಆಯಿಲ್ ವಾಪಸ್ ಬಂದು ಉಕ್ಕಿತು. ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನು ತಿನ್ನುತ್ತದೆ. ಬಟ್ಟೆಯಿಂದ ಹೀರಿ, ಧಾರಾಳ ನೀರಿನಿಂದ ತೊಳೆದೆ. ಪಿಸ್ಟನ್ ದೂಡುವ ಮೊದಲು ಡಬ್ಬಿಯ ಮಟ್ಟ ನೋಡಿ, ಹೆಚ್ಚಿದ್ದರೆ ಸಿರಿಂಜಿನಿಂದ ಸ್ವಲ್ಪ ತೆಗೆದುಬಿಡಬೇಕು.

ಬಲಗಡೆಗೆ ಬಂದಾಗ ಎಲ್ಲವೂ ಹಟ ಹಿಡಿಯಿತು. ಕ್ಯಾಲಿಪರ್ ಮೇಲೇಳಲು ಒದ್ದಾಡಿತು. ತುಕ್ಕು ಇರಬೇಕು ಎಂದುಕೊಂಡೆ. ಹೊಸ ಪ್ಯಾಡ್ ಅದರ ಗೂಡಿನಲ್ಲಿ ಕೂರಲೇ ಇಲ್ಲ. ಸುತ್ತಿಗೆಯಿಂದ ಬಡಿಯಲು ಕೈ ಎತ್ತಿದ್ದೆ. ಪುಣ್ಯಕ್ಕೆ ತಡೆದು ನೋಡಿದರೆ, ಪ್ಯಾಡ್ ಕೂರುವ ಕ್ಲಿಪ್ಪಿನ ಕೆಳಗೆ ತುಕ್ಕು ಉಬ್ಬಿ ಜಾಗ ಇಕ್ಕಟ್ಟಾಗಿತ್ತು. ಕ್ಲಿಪ್ ತೆಗೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ಕ್ಲಿಪ್ ಹಾಕಿದ ಮೇಲೆ ಪ್ಯಾಡ್ ಬೆರಳಿನಿಂದ ದೂಡಿದರೇ ಕೂತಿತು. ಪ್ಯಾಡ್ ಹಾಗೆಯೇ ಕೂರಬೇಕು. ಬಡಿದು ಕೂರಿಸಿದ ಪ್ಯಾಡ್ ಬಡಿದಲ್ಲೇ ಸಿಕ್ಕಿಕೊಂಡಿರುತ್ತದೆ, ಹಿಂದೆ ಸರಿಯುವುದಿಲ್ಲ. ಇನ್ನೊಂದು ಮಾತು: ಬ್ರೇಕಿನ ಕಪ್ಪು ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬೇಡಿ. ಅದು ಶ್ವಾಸಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಿ.

ಪೆಡಲ್ ತಳ ಮುಟ್ಟಿತು

ಎರಡೂ ಕಡೆ ಮುಗಿಸಿ, ಗಾಲಿ ಹಾಕಿ, ಗೆದ್ದವನಂತೆ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದೆ. ಪೆಡಲ್ ಸುಮ್ಮನೆ ತಳ ಮುಟ್ಟಿತು. ತಡೆಯೇ ಇಲ್ಲ. ಎದೆ ಧಸಕ್ಕೆಂದಿತು. ಮೇಲೆ ಬಾಲ್ಕನಿಯಲ್ಲಿ ನಿಂತ ಮಗಳು “ಅಪ್ಪಾ, ಆಯ್ತಾ?” ಎಂದು ಕೂಗಿದಳು. ಉತ್ತರ ಹೊರಡಲಿಲ್ಲ.

ಇಲ್ಲಿ ಕೆಟ್ಟದ್ದು ಏನೂ ಆಗಿರಲಿಲ್ಲ. ಹಿಂದಕ್ಕೆ ದೂಡಿದ ಪಿಸ್ಟನ್ ಇನ್ನೂ ಹಿಂದೆಯೇ ಇತ್ತು. ಪ್ಯಾಡಿಗೂ ಡಿಸ್ಕಿಗೂ ನಡುವೆ ಅಂತರ ಇತ್ತು. ನಾಲ್ಕಾರು ಸಲ ನಿಧಾನವಾಗಿ ಒತ್ತಿದ ಮೇಲೆ ಪಿಸ್ಟನ್ ಮುಂದೆ ಬಂದು ಪೆಡಲ್ ಗಟ್ಟಿಯಾಯಿತು. ಆದರೆ ಯೋಚಿಸಿ: ನಾನು ಪೆಡಲ್ ಮುಟ್ಟಿ ನೋಡದೆ ಗಾಡಿ ಸ್ಟಾರ್ಟ್ ಮಾಡಿ ರಿವರ್ಸ್ ತೆಗೆದಿದ್ದರೆ? ಹಿಂದಿದ್ದದ್ದು ಮಕ್ಕಳು ಸೈಕಲ್ ಆಡುವ ಜಾಗ. ಪ್ಯಾಡ್ ಬದಲಿಸಿದ ಮೇಲೆ ಇಂಜಿನ್ ಶುರು ಮಾಡುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಲೇಬೇಕು. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಲವು ಸಲ ಒತ್ತಿದರೂ ಪೆಡಲ್ ಗಟ್ಟಿಯಾಗದಿದ್ದರೆ ಅದು ಬೇರೆಯೇ ರೋಗ. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನೊಳಗೆ ಗಾಳಿ ಸೇರಿರಬಹುದು. ಗಾಳಿ ಹಿಸುಕಿದರೆ ಕುಗ್ಗುತ್ತದೆ, ನಿಮ್ಮ ಒತ್ತಡ ಗಾಲಿಯವರೆಗೆ ಹೋಗುವುದಿಲ್ಲ. ಮೊದಲು ಗಟ್ಟಿಯಿದ್ದು, ಕಾಲಿಟ್ಟುಕೊಂಡೇ ಇದ್ದರೆ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಈ ಎರಡರಲ್ಲಿ ಯಾವುದಿದ್ದರೂ ಗಾಡಿ ಅಲ್ಲೇ ನಿಲ್ಲಲಿ. ಮೆಕ್ಯಾನಿಕ್‌ನನ್ನು ಗಾಡಿಯ ಹತ್ತಿರ ಕರೆಯಬೇಕೇ ಹೊರತು ಗಾಡಿಯನ್ನು ಅವರ ಹತ್ತಿರ ಓಡಿಸಿಕೊಂಡು ಹೋಗಬಾರದು.

“ಹಳೀ ಪ್ಯಾಡ್ ಎಲ್ಲದಾವು?”

ಪೆಡಲ್ ಗಟ್ಟಿಯಾಯಿತು, ಸದ್ದೂ ನಿಂತಿತು. ನಿಧಾನವಾಗಿ ಹತ್ತಿರದ ಸರ್ವಿಸ್ ರಸ್ತೆಯಲ್ಲಿ ಮೂರು ಕಿಲೋಮೀಟರ್ ಸುತ್ತಿ ಬಂದೆ. ಕಾರು ಯಾಕೋ ಭಾರವೆನಿಸಿತು, ಸ್ವಲ್ಪ ಬಲಕ್ಕೆ ಎಳೆದಂತೆಯೂ ಅನಿಸಿತು. ಇಳಿದಾಗ ಬಲಗಾಲಿಯಿಂದ ಸುಟ್ಟ ವಾಸನೆ. ಹೊಸ ಪ್ಯಾಡ್ ಮೊದಮೊದಲು ವಾಸನೆ ಬರುವುದುಂಟು ಎಂದು ಎಲ್ಲೋ ಓದಿದ್ದೆ. ಅದೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ.

ನಮ್ಮ ಬಿಲ್ಡಿಂಗಿನಲ್ಲಿ ವಿಜಯಪುರದ ಕಡೆಯ ಒಬ್ಬ ಹಿರಿಯರಿದ್ದಾರೆ. ಸೈನ್ಯದ ವರ್ಕ್‌ಶಾಪುಗಳಲ್ಲಿ ಲಾರಿ, ಜೀಪು ರಿಪೇರಿ ಮಾಡಿ ನಿವೃತ್ತರಾದವರು. ಕಂಟೋನ್ಮೆಂಟ್ ಊರಾದ ದೇಹೂ ರೋಡಿನಲ್ಲಿ ಇಂಥವರು ಅಪರೂಪವಲ್ಲ. ಎಲ್ಲರಿಗೂ ಅವರು ಕಾಕಾ. ಹಾಲಿನ ಚೀಲ ಹಿಡಿದು ಬರುತ್ತಿದ್ದವರು ವಾಸನೆಗೆ ನಿಂತರು.

“ಏನ್ ನಡಿಸೀಯೋ ತಮ್ಮಾ?”

“ಬ್ರೇಕ್ ಪ್ಯಾಡ್ ಹಾಕಿದೆ ಕಾಕಾ. ಹೊಸಾವು, ಅದಕ್ಕ ವಾಸನಿ.”

ಅವರು ಎಡಗಾಲಿಯ ಹತ್ತಿರ ಅಂಗೈ ಹಿಡಿದರು, ಮುಟ್ಟಲಿಲ್ಲ. ಆಮೇಲೆ ಬಲಗಾಲಿಯ ಹತ್ತಿರ. “ಹೊಸಾವು ಎರಡೂ ಕಡೆ ಹಾಕೀಯಲ್ಲ? ಬಿಸಿ ಒಂದ ಕಡೆ ಯಾಕ?” ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. “ಹಳೀ ಪ್ಯಾಡ್ ಎಲ್ಲದಾವು? ಒಗದಿಯೇನ?”

ಇನ್ನೂ ಎಸೆದಿರಲಿಲ್ಲ. ಪೇಪರಿನಲ್ಲಿ ಸುತ್ತಿಟ್ಟಿದ್ದೆ. ಬಿಚ್ಚಿ ಸಾಲಾಗಿ ಇಟ್ಟರು. ಎಡಗಾಲಿಯ ಎರಡೂ ಸರಿಸುಮಾರು ಒಂದೇ ದಪ್ಪ. ಬಲಗಾಲಿಯದರಲ್ಲಿ ಒಳಗಿನ ಪ್ಯಾಡ್ ಬಹುತೇಕ ತಗಡಿಗೆ ಬಂದಿತ್ತು, ಹೊರಗಿನದು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

“ಇವೆರಡೂ ಅವಳಿ-ಜವಳಿ ಇದ್ದಂಗ. ಒಂದ ಇಷ್ಟ ಸೊರಗಿ, ಇನ್ನೊಂದ ಹಂಗ ಉಳದೈತಿ ಅಂದ್ರ ಮನಿಯಾಗ ಏನೋ ಗದ್ಲ ಐತಿ ಅಂತ ತಿಳ್ಕೋ. ನೀ ಗದ್ಲ ನೋಡಲಿಲ್ಲ, ಹೊಸಾ ಕೂಸನ್ನ ತಂದು ಕೂಡ್ರಿಸಿದಿ.”

ಗಾಲಿ ತಣ್ಣಗಾಗಲು ಬಿಟ್ಟು, ಮತ್ತೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು ಕೈಯಿಂದ ತಿರುಗಿಸಿದೆವು. ಎಡಗಾಲಿ ಸಣ್ಣಗೆ ಉಜ್ಜುತ್ತ ಸಲೀಸಾಗಿ ತಿರುಗಿತು. ಬಲಗಾಲಿ ಬಲ ಹಾಕಿದರೂ ಅರ್ಧ ಸುತ್ತಿಗೆ ನಿಂತಿತು. ಕ್ಯಾಲಿಪರ್ ಬಿಚ್ಚಿ ನೋಡಿದರೆ ಜಾರಬೇಕಿದ್ದ ಪಿನ್‌ಗಳಲ್ಲಿ ಕೆಳಗಿನದು ಜಾಮ್ ಆಗಿತ್ತು. ಅದರ ರಬ್ಬರ್ ಟೋಪಿ ಹರಿದು, ಮಳೆನೀರು ಒಳಗೆ ಹೋಗಿ, ಗ್ರೀಸ್ ಒಣಗಿ ತುಕ್ಕಾಗಿತ್ತು. ಕ್ಯಾಲಿಪರ್ ಸರಿಯದೆ ಒಳಪ್ಯಾಡ್ ಒಂದೇ ದುಡಿದು ಸವೆದಿತ್ತು. ಬ್ರೇಕ್ ಬಿಟ್ಟ ಮೇಲೂ ಪೂರ್ತಿ ಬಿಡುಗಡೆ ಇರಲಿಲ್ಲ. ಅದೇ ಜಾಗದಲ್ಲಿ ನಾನು ದಪ್ಪನೆಯ ಹೊಸ ಪ್ಯಾಡ್ ತುರುಕಿದ್ದರಿಂದ ಉಜ್ಜಾಟ ಇನ್ನೂ ಹೆಚ್ಚಾಗಿತ್ತು.

ಗ್ಯಾರೇಜಿನವರು ಬರೆದ ‘ಬಲಗಡೆ ಕ್ಯಾಲಿಪರ್ ಕೆಲಸ’ ಇದೇ ಆಗಿತ್ತು. ಅವರು ಬಿಡಿಸಿ ಹೇಳಿರಲಿಲ್ಲ, ನಿಜ. ಆದರೆ ನಾನೂ ಕೇಳಿರಲಿಲ್ಲ. ಮೋಸ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದೆ.

ಹೊಸ ಪಿನ್, ರಬ್ಬರ್ ಸಿಗುವವರೆಗೆ ಕಾರು ಅಲ್ಲಾಡಬಾರದು ಎಂದು ಕಾಕಾ ತಾಕೀತು ಮಾಡಿದರು. ಸೋಮವಾರ ಲೋಕಲ್ ರೈಲಿನಲ್ಲಿ ಆಫೀಸಿಗೆ ಹೋಗಿ, ಬರುವಾಗ ಪಿನ್ ಕಿಟ್ ತಂದೆ. ಪಿನ್ ಕೂರುವ ತೂತನ್ನು ಚೊಕ್ಕ ಮಾಡಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದೆವು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ಬೇಡ. ಅದು ರಬ್ಬರನ್ನು ಉಬ್ಬಿಸಿ ಪಿನ್ನನ್ನು ಮತ್ತೆ ಜಾಮ್ ಮಾಡುತ್ತದೆ. ಹಲವು ಕಾರುಗಳಲ್ಲಿ ಮೇಲಿನ ಪಿನ್, ಕೆಳಗಿನ ಪಿನ್ ಬೇರೆಬೇರೆ ಇರುತ್ತವೆ, ಅದಲುಬದಲಾಗಬಾರದು. ಪ್ಯಾಡಿನ ಮುಖಕ್ಕೂ ಡಿಸ್ಕಿಗೂ ಗ್ರೀಸಿನ ಬೆರಳು ಕೂಡ ತಾಗಬಾರದು.

ಬೋಲ್ಟ್ ಬಿಗಿಮಾಡುವಾಗ ನಾನು ಇಡೀ ಮೈಭಾರ ಹಾಕಲು ಹೋದೆ. ಕಾಕಾ ತಡೆದು ಟಾರ್ಕ್ ರೆಂಚ್ ಕೊಟ್ಟರು. “ಕೈ ಅಂದಾಜು ಬರಾಕ ಮೂವತ್ತ ವರ್ಷ ಬೇಕು. ನಿನಗಿನ್ನೂ ಬಂದಿಲ್ಲ.” ಎಷ್ಟು ಬಿಗಿ ಬೇಕೆಂಬುದು ಒಂದೊಂದು ಕಾರಿಗೆ ಒಂದೊಂದು ಅಂಕಿ. ಅದನ್ನು ಕಂಪನಿಯ ಕೈಪಿಡಿಯಲ್ಲೇ ನೋಡಬೇಕು. ಗಾಲಿಯ ನಟ್‌ಗಳನ್ನು ಎದುರುಬದುರಾಗಿ ಬಿಗಿಮಾಡಿ, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕು.

ಹೊಸ ಪ್ಯಾಡಿಗೆ ಅಭ್ಯಾಸ

ಹಾಕಿದ ದಿನವೇ ಹೊಸ ಪ್ಯಾಡ್ ಪೂರ್ತಿ ಹಿಡಿಯುವುದಿಲ್ಲ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಗಂಟೆಗೆ 50 ಕಿಲೋಮೀಟರಿನಿಂದ 20ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿದೆ. ಪೂರ್ತಿ ನಿಲ್ಲಿಸದೆ, ನಡುವೆ ತಣ್ಣಗಾಗಲು ಬಿಡುತ್ತ, ಎಂಟು ಹತ್ತು ಸಲ. ಇದರಿಂದ ಪ್ಯಾಡಿನ ತೆಳುವಾದ ಪದರ ಡಿಸ್ಕಿಗೆ ಸಮನಾಗಿ ಹತ್ತಿಕೊಂಡು ಹಿಡಿತ ಬರುತ್ತದೆ. ಆಮೇಲೆ ಅದೇ ಗ್ಯಾರೇಜಿಗೆ ಒಯ್ದು, ನಡೆದದ್ದೆಲ್ಲ ಹೇಳಿ, ಒಮ್ಮೆ ನೋಡಲು ಕೇಳಿಕೊಂಡೆ. ಡಿಸ್ಕಿನ ದಪ್ಪ ಅಳೆದು, ಬ್ರೇಕ್ ಆಯಿಲ್ ಬದಲಿಸಿ ಕೊಟ್ಟರು. ಡಿಸ್ಕ್ ಎಷ್ಟರವರೆಗೆ ಸವೆಯಬಹುದು ಎಂಬ ಕನಿಷ್ಠ ದಪ್ಪವನ್ನು ಬಹುತೇಕ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ ಎಂಬುದು ಆಗ ತಿಳಿಯಿತು.

ಆಯಿಲ್ ಬದಲಿಸುವುದು ಘಾಟಿನ ದಾರಿಯವರಿಗೆ ಸಣ್ಣ ಮಾತಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡು ಇಳಿದರೆ ಬಿಸಿ ಏರಿ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆಯಾಗುತ್ತದೆ. ಆಗ ಪೆಡಲ್ ತಳ ಮುಟ್ಟುತ್ತದೆ, ನಾಲ್ಕು ಸಲ ಒತ್ತಿ ಸರಿಮಾಡಿಕೊಳ್ಳುವಷ್ಟು ಹೊತ್ತು ಇರುವುದಿಲ್ಲ.

ಊರಿಂದ ಮರಳುವ ನಮಗೆಲ್ಲ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯುವ ಇಳಿಜಾರು ಗೊತ್ತು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಲಾರಿಯೊಂದು ನುಗ್ಗಿ ಸುಮಾರು 48 ವಾಹನಗಳು ಜಖಂ ಆದವು. ಮೊದಲು ಬ್ರೇಕ್ ಫೇಲ್ ಎಂದೇ ಸುದ್ದಿಯಾಯಿತು. ಚಾಲಕ ಇಂಜಿನ್ ಆಫ್ ಮಾಡಿ ಇಳಿಸುತ್ತಿದ್ದ ಎಂದು ಪೊಲೀಸರು ಆಮೇಲೆ ಹೇಳಿದರು. ಕಾರಿನಲ್ಲೂ ಇಂಜಿನ್ ಆಫ್ ಆದರೆ ಬ್ರೇಕಿಗೆ ಸಿಗುವ ಬೂಸ್ಟರಿನ ನೆರವು ಬೇಗ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿದರೆ ಗೇರಿನ ಹಿಡಿತವೂ ಇರುವುದಿಲ್ಲ. ಎಷ್ಟೇ ಹೊಸ ಪ್ಯಾಡ್ ಇರಲಿ, ಇಳಿಜಾರಿನಲ್ಲಿ ಕೆಳಗಿನ ಗೇರೇ ನಮ್ಮ ಮೊದಲ ಬ್ರೇಕ್.

ಎಲ್ಲಿ ಕೈ ಹಾಕಬಾರದು

ಈ ಕೆಲಸ ಹೊಸಬರಿಗೆ ಸಾಧ್ಯವೇ ಎಂದರೆ, ಮುಂದಿನ ಡಿಸ್ಕ್ ಬ್ರೇಕಿನ ಪ್ಯಾಡ್ ಬದಲಿಸುವುದು ಸಾಧ್ಯ, ಬಲ್ಲವರೊಬ್ಬರು ಪಕ್ಕದಲ್ಲಿದ್ದರೆ. ಹಿಂದಿನ ಡ್ರಮ್ ಬ್ರೇಕಿನ ಸ್ಪ್ರಿಂಗುಗಳ ಗೋಜಿಗೆ ಮೊದಲ ಸಲವೇ ಹೋಗಬೇಡಿ. ಬಟನ್ ಒತ್ತಿದರೆ ಹಾಕಿಕೊಳ್ಳುವ ಹ್ಯಾಂಡ್ ಬ್ರೇಕ್ ಇರುವ ಕಾರಿನ ಹಿಂದಿನ ಕ್ಯಾಲಿಪರ್ ಮುಟ್ಟಬೇಡಿ, ಅದಕ್ಕೆ ಬೇರೆ ಕ್ರಮವಿದೆ. ಆಯಿಲ್ ಸೋರುತ್ತಿದ್ದರೆ, ಪಿಸ್ಟನ್ ಹಿಂದೆ ಹೋಗಲು ಒಪ್ಪದಿದ್ದರೆ, ಪೈಪ್ ಬಿರುಕು ಬಿಟ್ಟಿದ್ದರೆ ಅಲ್ಲಿಗೆ ನಿಲ್ಲಿಸಿ. ಎರಡೂ ಗಾಲಿಯನ್ನು ಒಮ್ಮೆಲೇ ಬಿಚ್ಚಬೇಡಿ. ಒಂದು ಬಿಚ್ಚದೆ ಇದ್ದರೆ ಜೋಡಿಸುವಾಗ ನೋಡಿಕೊಳ್ಳಲು ಆಗುತ್ತದೆ.

1888ರಲ್ಲಿ ಬರ್ತಾ ಬೆಂಜ್ ಎಂಬ ಮಹಿಳೆ ಗಂಡ ಕಟ್ಟಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಿದ್ದಳು. ದಾರಿಯಲ್ಲಿ ಬ್ರೇಕಿನ ಮರದ ಕಟ್ಟೆಗಳು ಸವೆದಾಗ ಚಮ್ಮಾರನೊಬ್ಬನಿಂದ ಅವಕ್ಕೆ ತೊಗಲು ಹೊಡೆಸಿಕೊಂಡು ಮುಂದೆ ಸಾಗಿದಳು. ಇಂದಿನ ಬ್ರೇಕ್ ಲೈನಿಂಗಿಗೆ ಅದೇ ಮೊದಲು ಎನ್ನುತ್ತಾರೆ. ಅವಳು ಸವೆದದ್ದನ್ನು ನೋಡಿದಳು, ಕಸುಬು ಬಲ್ಲವನನ್ನು ಕೇಳಿದಳು. ನನಗೆ ಹೊಳೆಯದೆ ಹೋದದ್ದು ಇವೆರಡೇ.

ಹೊಸ ಪ್ಯಾಡ್ ಸದ್ದನ್ನು ನಿಲ್ಲಿಸುತ್ತದೆ. ಸದ್ದಿನ ಕಾರಣ ಹಳೆಯ ಪ್ಯಾಡಿನ ಮೇಲೆ ಬರೆದಿರುತ್ತದೆ. ನೀವೇ ಬದಲಿಸಿ, ಗ್ಯಾರೇಜಿನಲ್ಲೇ ಬದಲಿಸಿ, ನಾಲ್ಕೂ ಹಳೆಯ ಪ್ಯಾಡುಗಳನ್ನು ಕೇಳಿ ತೆಗೆದುಕೊಂಡು, ಸಾಲಾಗಿ ಇಟ್ಟು ನೋಡಿ. ದಪ್ಪದಲ್ಲಿ ಹೆಚ್ಚುಕಡಿಮೆ ಕಂಡರೆ ಯಾಕೆ ಎಂದು ಕೇಳಿ.

ಪಂಚಮಿಗೆ ಎರಡು ದಿನ ಇರುವಾಗ ಹೊರಟೆವು. ಖಂಬಾಟಕಿ ದಾಟಿ ಚಹಾಕ್ಕೆ ನಿಲ್ಲಿಸಿದಾಗ ನಾನು ಮೊದಲು ಮಾಡಿದ್ದು ಎರಡೂ ಗಾಲಿಗಳ ಹತ್ತಿರ ಅಂಗೈ ಹಿಡಿದದ್ದು. ಎರಡೂ ಕಡೆ ಒಂದೇ ಬಿಸಿ. ಸಂಜೆ ಧಾರವಾಡ ಮುಟ್ಟಿದಾಗ ಮಳೆ ಜಿಟಿಜಿಟಿ ಹಿಡಿದಿತ್ತು. ಮರಳಿ ಬರುವಾಗ ಅವ್ವ ಕಟ್ಟಿಕೊಟ್ಟ ಉಂಡಿಗಳಲ್ಲಿ ಒಂದು ಡಬ್ಬಿ ಕಾಕಾನ ಮನೆಗೆ ಹೋಯಿತು.